ಗಂಡಂದಿರನ್ನು ಹೊರಗೆ ಕಳಿಸಿದ ದಿನ

ಮಕ್ಕಳನ್ನು ಅಂಗನವಾಡಿಗೆ ಬಿಡಲು ಬರುವವರಿಗೆ ಮೂವತ್ತು ವರ್ಷ ನಾನು ಹೇಳಿದ್ದು ಒಂದೇ ಮಾತು. "ಬಾಗಿಲಾಗ ನಿಂದರಬ್ಯಾಡ್ರಿ. ನೀವು ಕಣ್ಮುಂದ ಇರೋ ತನಕ ಕೂಸು ಅಳೂದು ಬಿಡಂಗಿಲ್ಲ. ಊಟಾದ ಮ್ಯಾಲೆ ಬಂದು ಕರಕೊಂಡು ಹೋಗ್ರಿ." ಕಲ್ಲೆದೆಯವಳು ಅಂತ ಬೈಸಿಕೊಂಡಿದ್ದೇನೆ. ಬೈದರೆ ಬೈಯಲಿ, ಬಾಗಿಲು ಮಾತ್ರ ಹಾಕುತ್ತಿದ್ದೆ.

ನಿವೃತ್ತಳಾದ ಮೇಲೆ ಅದೇ ತಾಯಂದಿರು ನನ್ನನ್ನು ಪಂಚಾಯಿತಿ ಚುನಾವಣೆಗೆ ನಿಲ್ಲಿಸಿದರು. ಗೆದ್ದೆ, ಅಧ್ಯಕ್ಷೆಯೂ ಆದೆ. ಕೋಗಳಿ ದಾರಿಯ ನಮ್ಮೂರಲ್ಲಿ ಅಂಗನವಾಡಿಗೆ ಸ್ವಂತ ಕಟ್ಟಡವಿರಲಿಲ್ಲ. ಗುಡಿಯ ಪಡಸಾಲೆಯಲ್ಲೇ ಅಡುಗೆ, ಅಲ್ಲೇ ಆಟ, ಅಲ್ಲೇ ನಿದ್ದೆ. ಬಸ್ ನಿಲ್ದಾಣದ ಪಕ್ಕದ ಖಾಲಿ ಜಾಗವನ್ನು ಮಕ್ಕಳಿಗೆ ಕೊಡಿಸುತ್ತೇನೆಂದು ಮನೆಮನೆಗೆ ಮಾತು ಕೊಟ್ಟಿದ್ದೆ. ಅಲ್ಲಿ ಅಂಗಡಿ ಮಳಿಗೆ ಎಬ್ಬಿಸಬೇಕೆಂದು ಉಪಾಧ್ಯಕ್ಷೆಯ ಗಂಡ ಹಟ ಹಿಡಿದಿದ್ದ.

ಗೆಲ್ಲುವುದು ಹೆಂಡತಿ, ಕುರ್ಚಿಯಲ್ಲಿ ಕೂರುವುದು ಗಂಡ. ಇದು ನಮ್ಮ ಪಂಚಾಯಿತಿಯ ಪದ್ಧತಿ. ಹನ್ನೊಂದು ಮಂದಿ ಸದಸ್ಯರಲ್ಲಿ ನಾವು ಆರು ಹೆಂಗಸರು. ನನ್ನ ಯಜಮಾನರು ಈಗಿಲ್ಲ. ಉಳಿದ ಐವರ ಗಂಡಂದಿರು ಸಭೆಯ ದಿನ ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು, ಸದಸ್ಯೆಯರು ಹಿಂದೆ ಗೋಡೆಗೆ ಒರಗಿದ್ದರು.

"ಮಳಿಗಿನೇ ಆಗಲಿ ಬಿಡ್ರಿ ಟೀಚರಮ್ಮಾ, ಎಲ್ರದೂ ಒಪ್ಪಿಗಿ ಐತಿ" ಎಂದ ಉಪಾಧ್ಯಕ್ಷೆಯ ಗಂಡ. ಹಿಂದೆ ಅವನ ಹೆಂಡತಿ ಸುಮ್ಮನೆ ತಲೆಯಾಡಿಸಿದಳು. ಅವಳ ಮಗಳು ಉಣ್ಣುವುದೂ ಅದೇ ಪಡಸಾಲೆಯಲ್ಲಿ! ನನಗೆ ಮೈಯೆಲ್ಲ ಉರಿಯಿತು. ಎದ್ದುಹೋಗಿ ಬಾಗಿಲು ತೆರೆದು ಹಿಡಿದೆ.

"ಸದಸ್ಯರಲ್ಲದವ್ರು ಹೊರಗ ನಡೀರಿ. ಸಭೆ ಮುಗದ ಮ್ಯಾಲೆ ಬಂದು ಕರಕೊಂಡು ಹೋಗ್ರಿ."

"ಏನ್ರಿ ಇದು, ಅಂಗನವಾಡಿ ಏನು?" ಎಂದ ಉಪಾಧ್ಯಕ್ಷೆಯ ಗಂಡ.

"ಹೌದಲೇ ತಮ್ಮಾ, ಹಂಗಂತನ ತಿಳ್ಕೋ. ನೀ ಸಣ್ಣಾಂವ ಇದ್ದಾಗ ನಿಮ್ಮವ್ವನ್ನೂ ಹಿಂಗ ಹೊರಗ ಕಳಿಸಿದ್ದೆ, ಮರತಿಯೇನು?"

ಸಭೆ ಗೊಳ್ಳೆಂದು ನಕ್ಕಿತು. ಐವರೂ ಗೊಣಗುತ್ತ ಹೊರಟರು. ನಾನು ಚಿಲಕ ಹಾಕಿದೆ.

ಮುಂದೆ ಬನ್ನಿ ಎಂದರೂ ಹೆಂಗಸರು ಏಳಲಿಲ್ಲ, ಬಾಗಿಲನ್ನೇ ನೋಡುತ್ತಿದ್ದರು. ಕಾದೆ. ಕಾಯುವುದು ನನಗೆ ಹೊಸದೇನಲ್ಲ. ಆಮೇಲೆ ಉಪಾಧ್ಯಕ್ಷೆ ಸೆರಗು ಬಿಗಿದುಕೊಂಡು ಬಂದು ಗಂಡನ ಕುರ್ಚಿಯಲ್ಲಿ ಕೂತಳು. ಅವಳ ಹಿಂದೆಯೇ ಉಳಿದವರು.

"ಜಾಗ ಮಕ್ಕಳಿಗೆ ಅನ್ನೋರು ಕೈ ಎತ್ರಿ."

ಮೊದಲ ಕೈ ಅವಳದೇ. ಆರೂ ಹೆಂಗಸರ ಕೈ, ಜೊತೆಗೆ ಇಬ್ಬರು ಗಂಡಸರದು. ಅಬ್ಬಾ, ಆ ಕೈಗಳನ್ನು ನೋಡಿ ನನ್ನ ಕಣ್ಣು ತುಂಬಿತು!

ಬಾಗಿಲು ತೆರೆದರೆ ಉಪಾಧ್ಯಕ್ಷೆಯ ಗಂಡ ಹೊಸ್ತಿಲಲ್ಲೇ ನಿಂತಿದ್ದ.

"ಒಳಗ ಯಾರೂ ಅಳಲಿಲ್ಲಪ್ಪ" ಎಂದೆ. "ಜಾಗ ಮಕ್ಕಳಿಗಾತು."

ಅವನು ನನ್ನ ಭುಜದಾಚೆ ಹೆಂಡತಿಯನ್ನು ನೋಡಿ "ನಡೀ ಮನಿಗೆ" ಎಂದ.

ಅವಳು ಠರಾವು ಪುಸ್ತಕದಿಂದ ತಲೆ ಎತ್ತಲಿಲ್ಲ. "ನೀವು ಮುಂದ ಹೋಗ್ರಿ. ನಂದಿನ್ನೂ ಸಹಿ ಆಗಿಲ್ಲ."