ಫ್ರಾಕಿಗೆ ಮಡಿಲು ತುಂಬಿದ ಕಥೆ

ಫ್ರಾಕು ತೊಟ್ಟ ಹೆಂಗಸಿಗೆ ಮಡಿಲು ತುಂಬುವುದು ಹೇಗೆ? ಗೊತ್ತಿದ್ದರೆ ಯಾದವಗಿರಿಯ ನಮ್ಮ ಮಹಿಳಾ ಸಮಾಜಕ್ಕೆ ಒಂದು ಕಾರ್ಡು ಬರೆದು ಹಾಕಿ. ಹೋದ ಶನಿವಾರ ನಾವೇ ಒಂದು ಉಪಾಯ ಕಂಡುಹಿಡಿದೆವು. ಅದರ ನಾಚಿಕೆ ಇನ್ನೂ ಇಳಿದಿಲ್ಲ.

ಸಂಸ್ಥಾನಗಳು ಹೋಗಿ ಎಷ್ಟೋ ವರ್ಷವಾದರೂ ರಾಣಿಯರೆಂದರೆ ನಮಗೆ ಪ್ರಾಣ. ಉತ್ತರದ ಕಡೆಯ ಒಂದು ಪುಟ್ಟ ಸಂಸ್ಥಾನದ ಯುವರಾಣಿ ಮೈಸೂರಿಗೆ ಬಂದಿದ್ದರು. ನಮ್ಮ ಹೊಲಿಗೆ ಕ್ಲಾಸಿನ ಉದ್ಘಾಟನೆಗೆ ಒಪ್ಪಿಯೂ ಬಿಟ್ಟರು. ಪತ್ರಿಕೆಯಲ್ಲಿ ನಾವು ಓದಿದ್ದು ಇಷ್ಟೇ: ಯುವರಾಜರು ಲಂಡನ್ನಿನಲ್ಲಿ ಓದುವಾಗ ಅಲ್ಲಿನ ಆಸ್ಪತ್ರೆಯ ನರ್ಸನ್ನು ಪ್ರೀತಿಸಿ ಮದುವೆಯಾದರು. ಮಿಕ್ಕಿದ್ದನ್ನು ನಾವೇ ಸೇರಿಸಿಕೊಂಡೆವು. ಲಂಡನ್ನಿನ ನರ್ಸ್ ಎಂದಮೇಲೆ ಬೆಳ್ಳಗಿರದೆ ಇನ್ನೇನು?

"ದುಡಿದು ತಿಂದ ಹುಡುಗಿ ಕಣ್ರೀ! ಎಂಥ ಸರಳತನ!" ಎಂದು ಅಧ್ಯಕ್ಷೆ ಕಮಲಮ್ಮನವರು ಕೊಂಡಾಡಿದ್ದೇ ಕೊಂಡಾಡಿದ್ದು. (ಇದೇ ಕಮಲಮ್ಮನವರು ತಮ್ಮ ಬೀದಿಯ ನರ್ಸಮ್ಮನನ್ನು ಹಿತ್ತಲ ಬಾಗಿಲಿಂದ ಕರೆಯುತ್ತಾರೆ.)

ನನ್ನ ಚಿಂತೆ ಬೇರೆ. ನನ್ನ ಅಣ್ಣನ ಮಗಳು ಗಿರಿಜೆ ಬಿ.ಎ. ಪಾಸಾದವಳು, ಲಕ್ಷಣವಂತೆ, ಎಣ್ಣೆಗಪ್ಪು. ಕಮಲಮ್ಮನವರು ಗುಮಾಸ್ತ ಮಗನಿಗೆಂದು ಅವಳನ್ನು ನೋಡಿ ಹೋಗಿ ತಿಂಗಳ ಮೇಲಾಗಿತ್ತು. ಹೂಂ ಇಲ್ಲ, ಉಹೂಂ ಇಲ್ಲ. ಅಣ್ಣನಿಗೆ ನಿದ್ದೆಯಿಲ್ಲ. ಹುಡುಗಿಯ ಚುರುಕು ಅವರ ಕಣ್ಣಿಗೆ ಬೀಳಲಿ ಅಂತ ಅವಳನ್ನೂ ಸಮಾರಂಭಕ್ಕೆ ಎಳೆದುಕೊಂಡು ಹೋದೆ.

"ಫೋಟೋ ತೆಗೀತಾರೆ. ಬೆಳ್ಳಗಿರೋರೆಲ್ಲ ಮುಂದೆ ನಿಂತ್ಕೊಳ್ಳಿ," ಎಂದರು ಕಮಲಮ್ಮನವರು. ಗಿರಿಜೆಗೆ ಕಂಬದ ಹಿಂದೆ ಜಾಗ ಸಿಕ್ಕಿತು. ನನಗೆ ಮೈಯೆಲ್ಲ ಉರಿಯಿತು. ಆದರೂ ಬಾಯಿ ಮುಚ್ಚಿಕೊಂಡೆ. ಹೆಣ್ಣಿನ ಕಡೆಯವರಲ್ಲವೇ?

ಕಾರು ಬಂತು. ಇಬ್ಬರು ಇಳಿದರು. ಒಬ್ಬಾಕೆ ಬಿಳಿ ಹೆಂಗಸು, ಹೂವಿನ ಫ್ರಾಕು. ಇನ್ನೊಬ್ಬಾಕೆ ಕಪ್ಪು, ನೂಲಿನ ಸೀರೆ, ಕಂಕುಳಲ್ಲಿ ಮಗು. ಓಲಗ ಮೊಳಗಿತು. ಹಾರ, ಆರತಿ ಎಲ್ಲ ಫ್ರಾಕಿಗೆ! ಬಿಳಿಯಾಕೆ "ನೋ, ನೋ" ಎಂದು ಹಿಂದೆ ಸರಿದರು. "ಎಷ್ಟು ವಿನಯ ನೋಡಿ!" ಎಂದು ನಮ್ಮವರು ಇನ್ನೊಂದು ಹಾರ ಹಾಕಿದರು. ಸೀರೆಯಾಕೆ ಏನೋ ಹೇಳಲು ಬಾಯಿ ತೆರೆದರು. ಓಲಗದ ಅಬ್ಬರದಲ್ಲಿ ಯಾರಿಗೆ ಕೇಳಬೇಕು?

ಮಡಿಲು ತುಂಬುವ ಹೊತ್ತಿಗೆ ಪೇಚಿಗೆ ಸಿಕ್ಕಿದೆವು. ಫ್ರಾಕಿಗೆ ಸೆರಗೆಲ್ಲಿ? ಅಕ್ಕಿ, ಕೊಬ್ಬರಿ, ಬೆಲ್ಲದ ಮೊರ ಹಿಡಿದು ಕಮಲಮ್ಮನವರು ಆಕೆಯ ಸುತ್ತ ಒಂದು ಪ್ರದಕ್ಷಿಣೆ ಬಂದರು. ಆಮೇಲೆ ಹೊಳೆಯಿತು. ಕಪ್ಪಗಿನಾಕೆಯ ಕಡೆ ತಿರುಗಿ, ಕೈಸನ್ನೆಯನ್ನೂ ಸೇರಿಸಿ, "ಏ ಆಯಾ, ಮಗೂನ ಇಳಿಸು. ಅಮ್ಮಾವ್ರ ಪರವಾಗಿ ನಿನ್ನ ಸೆರಗು ಸ್ವಲ್ಪ ಒಡ್ಡು," ಎಂದರು.

ಆಕೆ ನಕ್ಕು, ಮಗುವನ್ನು ಫ್ರಾಕಿನಾಕೆಗೆ ಕೊಟ್ಟು ಸೆರಗೊಡ್ಡಿದರು. ಮುತ್ತೈದೆಯರೆಲ್ಲ ತುಂಬಿದರು. ಓಲಗ ನಿಂತಿತು.

"ಅಕ್ಕಿ ಚೆನ್ನಾಗೈತೆ ಕಣಮ್ಮ," ಎಂದರು ಆಕೆ. "ನಮ್ಮವ್ವ ಇದ್ದಿದ್ರೆ ಇಂಗೇ ತುಂಬೋರು. ನಮ್ಮೂರು ಇಲ್ಲೇ ಇಲವಾಲ, ನಮ್ಮಪ್ಪ ಅಲ್ಲಿ ಮೇಷ್ಟ್ರು. ನರ್ಸಿಂಗ್ ಓದಕ್ಕೆ ಅಂತ ಲಂಡನ್‌ಗೆ ಹೋಗಿದ್ದೆ. ಆ ಹಾರ ಮಾತ್ರ ನಮ್ಮ ಮಗೂನ ನೋಡ್ಕೊಳ್ಳೋ ಮಿಸ್‌ಗೇ ಇರ್ಲಿ ಬುಡಿ, ಪಾಪ."

ತುಂಬಿದ ಮಡಿಲಕ್ಕಿ ವಾಪಸು ಕೇಳುವ ಹಾಗಿಲ್ಲ. ಹಾಕಿದ ಹಾರ ಕಿತ್ತುಕೊಳ್ಳುವ ಹಾಗಿಲ್ಲ. ಕಮಲಮ್ಮನವರು ಮೊರದಲ್ಲಿ ಮುಖ ಮುಚ್ಚಿಕೊಂಡರು.

ಉದ್ಘಾಟನೆ ಮುಗಿದು ಕಾರು ಹೊರಟಿದ್ದೇ ತಡ, ಶುರುವಾಯಿತು. "ಮೇಷ್ಟ್ರ ಮಗಳಂತೆ! ನರ್ಸಂತೆ! ಅದೇನು ಮಾಟ ಮಾಡಿ ಬುಟ್ಟಿಗೆ ಹಾಕ್ಕೊಂಡ್ಳೋ! ರಾಣಿ ಅಂದ್ಮೇಲೆ ಒಂದು ರೇಷ್ಮೆ ಸೀರೆ ಉಡಬಾರ್ದಾ?" ಬೆಳಿಗ್ಗೆಯ ಸರಳತನ ಸಂಜೆಗೆ ದರಿದ್ರತನವಾಯಿತು. ಅದೇ ನರ್ಸು, ಅದೇ ಮದುವೆ. ಬದಲಾದದ್ದು ಮೈಬಣ್ಣ ಮತ್ತು ಊರಿನ ಹೆಸರು, ಅಷ್ಟೇ ತಾನೇ?

ಮಜಾ ಇನ್ನೂ ಇದೆ. ಸೋಮವಾರದ ಪತ್ರಿಕೆಯಲ್ಲಿ ಯುವರಾಣಿಯ ಫೋಟೋ ಬಂತು, ಪಕ್ಕದಲ್ಲಿ ಕಮಲಮ್ಮನವರು. ಮಧ್ಯಾಹ್ನವೇ ಅವರು ಅಣ್ಣನ ಮನೆಗೆ ಬಂದಿಳಿದರು. ನಾನೂ ಅಲ್ಲೇ ಇದ್ದೆ.

"ಕಪ್ಪಾದ್ರೇನ್ರೀ? ಯುವರಾಜರೇ ಒಪ್ಪಿರುವಾಗ ನಮ್ಮದೇನು! ನಿಮ್ಮ ಗಿರಿಜೆ ನಮಗೆ ಒಪ್ಪಿಗೆ. ಮದುವೆ ಫೋಟೋಗೆ ಮಾತ್ರ ಒಂಚೂರು ಪೌಡರ್ ಜಾಸ್ತಿ ಹಾಕ್ಸಿ."

ಅಣ್ಣನಿಗೆ ಕುಣಿಯುವಷ್ಟು ಸಂತೋಷ. ಕಾಫಿ ತಂದ ಗಿರಿಜೆ ಲೋಟವನ್ನು ಅವರ ಮುಂದಿಟ್ಟು ಮೆಲ್ಲಗೆ ಕೇಳಿದಳು:

"ಅದೆಲ್ಲಾ ಸರಿ. ನಿಮ್ಮ ಮಗ ಯಾವ ಸಂಸ್ಥಾನದ ಯುವರಾಜರು?"