ಬಾಯಿಪಾಠವಿಲ್ಲದ ಓದು

ಮೊಮ್ಮಕ್ಕಳೇ, ನಿಮ್ಮಲ್ಲಿ ದೊಡ್ಡವಳು ಬಿಬಿಎ ಓದುವಾಗ ನಾನು ಅವಳ ಕಾಗದಗಳನ್ನು ಕದ್ದಿಟ್ಟಿದ್ದೆ. ಮನೆಯಲ್ಲಿ ಇದನ್ನು ಒಬ್ಬೊಬ್ಬರು ಒಂದೊಂದು ಥರ ಹೇಳಿ ನಗುತ್ತಾರೆ. ನಡುವೆ ಬಾಯಿ ಹಾಕುವ ಧೈರ್ಯ ನನಗಿಲ್ಲ. ಅದಕ್ಕೆ ನಡೆದದ್ದನ್ನು ಬರೆದಿಡುತ್ತಿದ್ದೇನೆ.

ಅವಳಪ್ಪ, ಅಂದರೆ ನನ್ನ ಮಗ, ಬಿಕಾಂ ಓದಿ ವಿಕ್ರೋಳಿಯ ಆಫೀಸಿನಲ್ಲಿ ಕೆಲಸ ಹಿಡಿದವನು. ಮಗಳೂ ಅದನ್ನೇ ಓದಲಿ ಎಂದು ಅವನ ಹಟ. ಅವಳು ಎರಡು ದಿನ ಊಟ ಬಿಟ್ಟಳು. ಕೊನೆಗೆ ಅವನು ಒಪ್ಪಿದ, ಆದರೆ ನನ್ನನ್ನು ನಡುವೆ ತಂದ.

"ಒಂದು ವರ್ಷ ನೋಡೂಣು. ಮನಿಯಾಗ ಅವ್ವ ಇರ್ತಾಳ. ಇದು ಓದು ಅಂತ ಅವ್ವ ಅಂದ್ರ ಮುಂದ ಓದ್ಲಿ. ಇಲ್ಲಾಂದ್ರ ಬಿಡಿಸಿ ಬಿಕಾಂಗೆ ಹಾಕ್ತೀನಿ."

ಏಳನೆಯ ಇಯತ್ತೆಯನ್ನು ಹಳ್ಳಿಯ ಕನ್ನಡ ಶಾಲೆಯಲ್ಲಿ ಮುಗಿಸಿದವಳು ನಾನು. ಆದರೂ ಅವನು ಹಾಗೆ ಹೇಳಲು ಕಾರಣವಿತ್ತು. ಚಾಳಿನ ಒಂದೇ ಕೋಣೆಯಲ್ಲಿದ್ದಾಗ ರೊಟ್ಟಿ ಬಡಿಯುತ್ತ ಅವನಿಂದ ಪಾಠ ಒಪ್ಪಿಸಿಕೊಳ್ಳುತ್ತಿದ್ದೆ. ಇಂಗ್ಲಿಷ್ ನನಗೆ ಒಂದಕ್ಷರ ತಿಳಿಯದು. ಆದರೆ ಹುಡುಗ ಎಲ್ಲಿ ತಡವರಿಸಿದ ಎಂಬುದು ಕಿವಿಗೆ ತಿಳಿಯುತ್ತದೆ. ತಡವರಿಸಿದರೆ ಮತ್ತೆ ಮೊದಲಿನಿಂದ. ಹಾಗೇ ಅವನು ಡಿಗ್ರಿ ಮುಗಿಸಿದ.

ಮೊದಲ ದಿನ ಮೊಮ್ಮಗಳು ಕಾಲೇಜಿನಿಂದ ಆರು ಸೆಮಿಸ್ಟರಿನ ಪಾಠಗಳ ಪಟ್ಟಿ ತಂದಳು. ಓದಿ ಹೇಳೆಂದು ಕೇಳಿದೆ. ಮ್ಯಾನೇಜ್‌ಮೆಂಟಿನ ತತ್ವಗಳು, ಅಂಕಿಸಂಖ್ಯೆ, ವ್ಯಾಪಾರದ ಕಾನೂನು, ಇಷ್ಟರವರೆಗೆ ತಲೆಯಾಡಿಸಿದೆ. ಆಮೇಲಿನದಕ್ಕೆ ಅವಳು ಅರ್ಥ ಹೇಳಿದಳು: ಆಫೀಸಿನಲ್ಲಿ ಜನ ಹೇಗೆ ನಡೆದುಕೊಳ್ಳುತ್ತಾರೆ ಅನ್ನುವುದು ಒಂದು ಪಾಠ. ಜನ ಸಾಮಾನು ಯಾಕೆ ಕೊಳ್ಳುತ್ತಾರೆ ಅನ್ನುವುದು ಇನ್ನೊಂದು.

"ಇದಕ್ಕ ಕಾಲೇಜ್ ಬೇಕೇನ? ಬೇಕಾಗಿರ್ತೈತಿ, ಕೊಳ್ತಾರ."

"ಅಜ್ಜಿ, ಬೇಡಾದ್ರೂ ಕೊಳ್ತಾರಲ್ಲ? ಅದೇ ತೋ ಪಾಠ!"

ಬೇಡದವರೂ ಕೊಳ್ಳುವಂತೆ ಮಾಡುವುದನ್ನು ಯಾರು, ಯಾಕೆ ಕಲಿಸುತ್ತಾರೆ? ನನ್ನ ಅನುಮಾನ ಶುರುವಾದದ್ದು ಅಲ್ಲಿಂದ.

ತಿಂಗಳುಗಳು ಹೋದವು. ಅವಳು ಒಂದು ದಿನವೂ ಬಾಯಿಬಿಟ್ಟು ಓದಲಿಲ್ಲ. ಹಾಸಿಗೆಯ ಮೇಲೆ ಬಿದ್ದುಕೊಂಡು ಫೋನ್ ನೋಡುವಳು. ಪುಸ್ತಕ ಎಲ್ಲಿ ಅಂದರೆ ಫೋನಿನಲ್ಲೇ ಇದೆ ಅನ್ನುವಳು. ಫೋನ್ ನೋಡಿ ನಗುವಳು. ಅಂಕಿಸಂಖ್ಯೆಯಲ್ಲಿ ನಗುವಂಥದ್ದೇನಿರುತ್ತದೆ? ಒಂದು ದಿನ ಗೆಳತಿಯ ಕರಿ ಕೋಟು ಹಾಕಿಕೊಂಡು ದಾದರಿಗೆ ಹೊರಟಳು. ಪ್ರೆಸೆಂಟೇಶನ್ ಅಂತೆ. ಕಾಲೇಜು ಇರುವುದೂ ದಾದರಿನಲ್ಲೇ ಎಂದು ನನಗೆ ಗೊತ್ತು. ಆದರೂ ಕಿಟಕಿಯಲ್ಲಿ ನಿಂತು, ಕೆಳಗೆ ಯಾರಾದರೂ ಕಾಯುತ್ತಿದ್ದಾರೆಯೇ ಎಂದು ನೋಡಿದೆ. ರಿಕ್ಷಾಗಳ ಹೊರತು ಯಾರೂ ಇರಲಿಲ್ಲ.

"ಪಾಠ ಒಪ್ಸು ನೋಡೂಣು" ಎಂದು ಒಮ್ಮೆ ಕೇಳಿದೆ.

"ಇದ್ರಾಗ ಬಾಯಿಪಾಠ ಇಲ್ಲ ಅಜ್ಜಿ. ಕೇಸ್ ಸ್ಟಡಿ ಇರ್ತದ. ಒಂದು ಕಂಪನಿ ಮುಳುಗ್ತದ, ನೀನಾಗಿದ್ರ ಏನ್ ಮಾಡ್ತಿದ್ದಿ ಅಂತ ಕೇಳ್ತಾರ."

"ಮುಳುಗಿದ ಕಂಪನಿಯವ್ರು ನಿನ್ನ ಕೇಳಾಕ ಬರ್ತಾರೇನ?"

ಅವಳು ತಲೆ ಚಚ್ಚಿಕೊಂಡಳು. ನನಗೆ ಅಳೆಯುವ ದಾರಿಯೇ ಉಳಿಯಲಿಲ್ಲ. ವರ್ಷ ಮುಗಿಯುತ್ತ ಬಂದಿತ್ತು, ಮಗ ಕೇಳುವ ದಿನ ಹತ್ತಿರವಾಗುತ್ತಿತ್ತು.

ಆಗಲೇ ಒಂದು ಮಧ್ಯಾಹ್ನ, ಅವಳು ಸ್ನಾನಕ್ಕೆ ಹೋದಾಗ, ಅವಳ ಚೀಲ ಬಿಚ್ಚಿದೆ. ಮಾಡಬಾರದಿತ್ತು. ಒಳಗೆ ಒಂದು ಕಟ್ಟು ಕಾಗದ, ಮರಾಠಿಯಲ್ಲಿ ಅಚ್ಚು ಹಾಕಿಸಿದ ಪ್ರಶ್ನೆಗಳು. ದೇವನಾಗರಿ ನಾನು ನಿಧಾನವಾಗಿ ಓದಬಲ್ಲೆ. ಮೇಲೆ ಹೆಸರು, ಫೋನ್ ನಂಬರು, ಮನೆಯ ನಂಬರು. ಎಲ್ಲ ನಮ್ಮ ಬಿಲ್ಡಿಂಗಿನ ಹೆಂಗಸರವೇ. ಮನೆಗೆ ಏನು ಕೊಳ್ಳಬೇಕೆಂದು ನಿರ್ಧರಿಸುವವರು ಯಾರು? ಗಂಡನಿಗೆ ಹೇಳದೆ ಏನಾದರೂ ಕೊಂಡಿದ್ದೀರಾ? ಎದುರು ಮನೆಯ ಮರಾಠಿ ಹೆಂಗಸು, ನಾವು ಬಾಯಿ ಎಂದು ಕರೆಯುವವಳು, ಹೌದು, ಎರಡು ಸೀರೆ ಕೊಂಡು ತಂಗಿಯ ಮನೆಯಲ್ಲಿ ಇಟ್ಟಿದ್ದೇನೆ ಎಂದಿದ್ದಳು. ಅವಳ ಗಂಡ ಎಂಥ ಸಿಡುಕ ಎಂದು ಇಡೀ ಮಹಡಿಗೆ ಗೊತ್ತು.

ಹೆಸರು, ನಂಬರು ಕೇಳಿಕೊಂಡು ಮೋಸ ಮಾಡುವವರ ಬಗ್ಗೆ ನಮ್ಮ ಬಿಲ್ಡಿಂಗಿನಲ್ಲಿ ದಿನವೂ ಮಾತು. ಯಾರೋ ಈ ಹುಡುಗಿಯನ್ನು ಮುಂದೆ ಮಾಡಿ ಮನೆಗಳ ಗುಟ್ಟು ಕೂಡಿಸುತ್ತಿದ್ದಾರೆ, ಕಾಲೇಜು ಬರೀ ನೆಪ ಎಂದು ನನಗೆ ಖಾತ್ರಿಯಾಯಿತು. ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟೆ.

ಸಂಜೆ ಅವಳು ಮನೆಯೆಲ್ಲ ಕೆದರಿದಳು.

"ನನ್ನ ಫಾರ್ಮ್ ಎಲ್ಲಿ ಅದಾವ? ನಾಳೆ ಸಬ್ಮಿಟ್ ಮಾಡ್ಬೇಕು! ಅಜ್ಜಿ, ತುಮ್ಹಿ ನೋಡಿದ್ರೇನು?"

ನಾನು ಹಿಟ್ಟು ನಾದುತ್ತಲೇ ಇದ್ದೆ. ಆ ಹೊತ್ತಿಗೆ ಮಗ ಆಫೀಸಿನಿಂದ ಬಂದ. ಅವಳ ಅಳು ನೋಡಿ ಅವನಿಗೆ ರೇಗಿತು.

"ಕಾಗದ ಕಳ್ಕೊಳ್ಳೋದೂ ಓದೇನ? ಅವ್ವಾ, ವರ್ಷಾತು. ಈಗ ಹೇಳು. ಇದು ಓದು ಹೌದೋ ಅಲ್ಲೋ?"

ಅಲ್ಲ ಅಂದರೆ ಮುಗಿಯಿತು. ನಾನು ಎದ್ದು ಡಬ್ಬಿಯ ಮುಚ್ಚಳ ತೆಗೆದು ಕಟ್ಟನ್ನು ಹೊರಗೆಳೆದೆ. ಮೊಮ್ಮಗಳು ನನ್ನನ್ನು ನೋಡಿದ ನೋಟ ಬರೆಯಲಾರೆ.

"ಕದ್ದಿರೇನು ಅಜ್ಜಿ?"

"ಹೂಂ. ಇವು ಯಾರ ಕೈ ಸೇರ್ತಾವ, ಅದನ್ನ ಹೇಳು ಮೊದಲ."

"ಮ್ಯಾಡಮ್‌ಗೆ. ಸರ್ವೇ ಅದು, ಮಾರ್ಕ್ಸ್ ಇರ್ತಾವ."

"ಮ್ಯಾಡಮ್ ಆದ ಮ್ಯಾಲ?"

"ಗೊತ್ತಿಲ್ಲ... ಡಿಪಾರ್ಟ್‌ಮೆಂಟ್‌ನಾಗ ಇರ್ತಾವ."

"ಎದುರಮನಿ ಬಾಯಿ ಸೀರಿ ವಿಷ್ಯ ನಿನಗ ಯಾಕ ಹೇಳಿದ್ಲು?"

"ನಿಮ್ಮ ಮೊಮ್ಮಗಳು ಅಂತ."

"ಹಂಗಾರ ಅಕಿ ಹೇಳಿದ್ದು ನನಗ. ಆ ಹೆಸರು, ನಂಬರು ಅವರಿಗ್ಯಾಕ ಬೇಕು?"

ಫಾರ್ಮಿನಲ್ಲಿ ಅದಕ್ಕೆ ಜಾಗ ಇತ್ತು ಎಂದಳು. ಮೇಲಿನ ಕಾಗದವನ್ನು ಎತ್ತಿ ತಾನೇ ಒಂದು ಸಲ ಓದಿದಳು. ಆಮೇಲೆ ಒಳಗೆ ಹೋಗಿ ಮ್ಯಾಡಮ್‌ಗೆ ಫೋನ್ ಮಾಡಿದಳು. ಅರ್ಧ ಹಿಂದಿ, ಅರ್ಧ ಇಂಗ್ಲಿಷ್. ಹೆಸರಿಲ್ಲದೆ ಕೊಟ್ಟರೆ ನಡೆಯುತ್ತದೆಯೇ ಎಂದು ಕೇಳಿದ್ದಷ್ಟು ತಿಳಿಯಿತು. ಮ್ಯಾಡಮ್ ಒಪ್ಪಲಿಲ್ಲ. ನಿಜವಾಗಿ ಮನೆಮನೆಗೆ ಹೋಗಿ ಕೇಳಿದ್ದೇ ಎಂದು ಫೋನ್ ಮಾಡಿ ಪರೀಕ್ಷಿಸಬೇಕು, ಹೆಸರಿಲ್ಲದಿದ್ದರೆ ಮಾರ್ಕ್ಸ್ ಕಡಿಮೆ ಎಂದರಂತೆ.

"ಕಡಿಮೆ ಅಂದ್ರ ಕಡಿಮೆ" ಎಂದು ಹೊರಗೆ ಬಂದವಳು ಕತ್ತರಿ ಹುಡುಕಿದಳು. ಒಂದೊಂದೇ ಕಾಗದದ, ಹೆಸರು, ನಂಬರು ಇದ್ದ ಮೇಲಂಚನ್ನು ಕತ್ತರಿಸಿ ಹಾಕತೊಡಗಿದಳು. ಅವಳ ಕಣ್ಣಲ್ಲಿ ನೀರಿತ್ತು, ಸಿಟ್ಟೂ ಇತ್ತು, ಆದರೆ ಕೈ ನಿಲ್ಲಲಿಲ್ಲ.

ಮಗ ಇನ್ನೂ ನನ್ನ ಮುಂದೆಯೇ ನಿಂತಿದ್ದ.

"ಏನವ್ವಾ?"

"ಓದ್ಲಿ" ಎಂದೆ. "ಆ ಮ್ಯಾಡಮ್ ಮ್ಯಾಲ ನನಗ ನಂಬಿಕಿ ಇಲ್ಲ. ಆದ್ರ ಇಕಿ ಓದ್ಲಿ. ಇಂಥಾದ್ದನ್ನ ಕಲಿಸೋ ಜಾಗಾದಾಗ ಕತ್ರಿ ಹಿಡಿಯೋ ಒಬ್ಬಾಕಿ ಇರಬೇಕು."

ಅವಳು ಎರಡನೆಯ ವರ್ಷಕ್ಕೆ ಹೋದಳು. ಆ ಪಾಠದಲ್ಲಿ ಮಾರ್ಕ್ಸ್ ಕಡಿಮೆಯೇ ಬಂತು. ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ, ಚೀಲವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಹಾಕಬೇಕಾದದ್ದೇ.