ಮೂರು ಮೈಲಿ ದೂರದ ತಮ್ಮ

ಗ್ರಿಜೆಲ್ ರಿಂಟೂಲ್ ಸತ್ತಾಗ ಲಾರ್ಗ್‌ಬರ್ನ್ ಹಳ್ಳಿಯಲ್ಲಿ ಯಾರೂ ಅಳಲಿಲ್ಲ. ನಾನೂ ಅಳಲಿಲ್ಲ. ಮದುವೆಗೆ ಮುಂಚಿನಿಂದ ತಲೆ ನರೆಯುವವರೆಗೆ ಅವಳ ಅಡುಗೆಮನೆಯಲ್ಲಿ ದುಡಿದವಳು ನಾನು. ಕೊಟ್ಟ ಸಂಬಳಕ್ಕಿಂತ ಕೊಟ್ಟ ಬೈಗುಳವೇ ಹೆಚ್ಚು. ಪಾದ್ರಿಗಳು ಸಮಾಧಿಯ ಬಳಿ ನಿಂತು ಆಕೆ ಕಟ್ಟುನಿಟ್ಟಿನ ಹೆಂಗಸು ಎಂದು ಹೇಳಿ ಮುಗಿಸಿದರು. ನಾನಾಗಿದ್ದರೆ ಅಷ್ಟು ಮೆತ್ತಗೆ ಹೇಳುತ್ತಿರಲಿಲ್ಲ.

ಅವಳ ತಂಗುಮನೆಯ ಹೆಸರು ಕರಿಟಗರು. ಬೆಟ್ಟದ ಮೇಲಿನ ದನಗಳನ್ನು ದಕ್ಷಿಣದ ಸಂತೆಗೆ ಹೊಡೆದುಕೊಂಡು ಹೋಗುತ್ತಿದ್ದವರ ಕಾಲದ ಮನೆ ಅದು. ಬಾಗಿಲ ಮೇಲೆ ತೂಗುವ ಹಲಗೆಯಲ್ಲಿದ್ದ ಟಗರು ಗಾಳಿಮಳೆಗೆ ಬಣ್ಣ ಕಳೆದುಕೊಂಡು ಹಂದಿಯೋ ನಾಯಿಯೋ ತಿಳಿಯದಂತಾಗಿತ್ತು. ಎಡಿನ್‌ಬರೋದಿಂದ ಬರುವವರಿಗೆ ಆ ವಾಲಿದ ನೆಲ, ಹೊಗೆಹಿಡಿದ ತೊಲೆ ನೋಡಿದರೆ ಎಲ್ಲಿಲ್ಲದ ಸಂಭ್ರಮ. ಗ್ರಿಜೆಲ್‌ಗೋ ಬಂದವರನ್ನು ಕಂಡರೆ ಮೈಯೆಲ್ಲ ಉರಿ. ಬಿಸಿನೀರು ಕೇಳಿದವರಿಗೆ ಹೊಳೆಯ ದಾರಿ ತೋರಿಸುತ್ತಿದ್ದಳು. ಹಾಸಿಗೆ ತಣ್ಣಗಿದೆ ಎಂದವರಿಗೆ, ಬೆಚ್ಚಗಿನದು ಬೇಕಿದ್ದರೆ ಅಮ್ಮನ ಮಡಿಲಲ್ಲೇ ಇರಬೇಕಿತ್ತು ಎನ್ನುತ್ತಿದ್ದಳು. ಆದರೆ ಯಾರನ್ನೂ ಬಾಗಿಲಿಂದ ಹಿಂದಕ್ಕೆ ಕಳಿಸಿದವಳಲ್ಲ. ಕರಿಟಗರಿನ ಹೊಸ್ತಿಲಿಂದ ದಾರಿಹೋಕನೊಬ್ಬ ತಿರುಗಿಹೋಗಬಾರದು ಎಂಬುದು ರಿಂಟೂಲ್ ಮನೆತನಕ್ಕಿದ್ದ ಒಂದೇ ಒಂದು ಹೆಮ್ಮೆ. ಮುತ್ತಜ್ಜನ ಕಾಲದಿಂದ ಅದಕ್ಕೆ ಚ್ಯುತಿ ಬಂದಿರಲಿಲ್ಲ.

ಬಂದದ್ದು ಒಂದೇ ಸಲ, ಅದೂ ಅವಳ ತಮ್ಮ ವಾಟಿಯಿಂದ. ಅವರಪ್ಪ ಮಹಡಿಯ ಕೋಣೆಯಲ್ಲಿ ಕೊನೆಯುಸಿರು ಎಳೆಯುತ್ತಿದ್ದ ದಿನ ಹೊರಗೆ ಹಿಮ ಸುರಿಯುತ್ತಿತ್ತು. ಯಾವನೋ ಅಲೆಮಾರಿ ಪಾತ್ರೆ ಬೆಸುಗೆಯವನು ಬಾಗಿಲು ತಟ್ಟಿದ. ಮನೆಯಲ್ಲಿ ಸಾವಾಗುತ್ತಿದೆ, ಮುಂದಕ್ಕೆ ಹೋಗು ಎಂದು ವಾಟಿ ಅಗುಳಿ ಹಾಕಿಬಿಟ್ಟ. ಮೇಲೆ ಮುದುಕನಿಗೆ ಆ ಸದ್ದು ಕೇಳಿಸಿತ್ತು. ಯಾರು ಬಂದಿದ್ದು, ಯಾಕೆ ಒಳಗೆ ಬರಲಿಲ್ಲ ಎಂದು ಕೇಳುತ್ತಲೇ ಅವನ ಮಾತು ನಿಂತಿತು. ಮಣ್ಣು ಮಾಡಿ ಬಂದ ಸಂಜೆ ಗ್ರಿಜೆಲ್ ತಮ್ಮನ ಬಟ್ಟೆಬರೆಯನ್ನು ಬೀದಿಗೆ ಇಟ್ಟಳು. ಹೊಸ್ತಿಲು ತುಳಿದರೆ ಕಾಲು ಮುರಿಯುತ್ತೇನೆ ಎಂದಳು.

ಆ ಅಲೆಮಾರಿಗೆ ಏನಾಯಿತು ಅಂತೀರಾ? ಮಣ್ಣಂಗಟ್ಟಿಯೂ ಆಗಲಿಲ್ಲ. ವಸಂತಕ್ಕೆ ಕೆಂಪಗೆ ದುಂಡಗೆ ಬಂದು, ಆವತ್ತು ಯಾರದೋ ಕೊಟ್ಟಿಗೆಯಲ್ಲಿ ಸುಖವಾಗಿ ನಿದ್ದೆ ಮಾಡಿದೆ ಎಂದು ನಗುತ್ತ ಹೇಳಿದ. ನನಗೆ ಹಿಡಿಸಲಾರದ ಖುಷಿ, ಇನ್ನಾದರೂ ಅಕ್ಕತಮ್ಮ ಒಂದಾಗುತ್ತಾರೆ ಎಂದು. ಗ್ರಿಜೆಲ್ ಆ ಅಲೆಮಾರಿಯ ಮುಂದೆ ಸಾರು ಇಟ್ಟು ಒಳಗೆ ಹೋದಳು. ಅವಳು ಹಿಡಿದ ಮೊಲಕ್ಕೆ ಮೂರೇ ಕಾಲು.

ವಾಟಿ ಊರು ಬಿಟ್ಟನೇ? ಇಲ್ಲ. ಅವನೂ ಅದೇ ಹೊಟ್ಟೆಯಲ್ಲಿ ಹುಟ್ಟಿದವನಲ್ಲವೇ. ರಸ್ತೆಯಾಚೆ, ಕರಿಟಗರಿನ ಎದುರಿಗೇ ಚಮ್ಮಾರನ ಹಳೇ ಮನೆ ಹಿಡಿದು ಕೂತ. ಅಲ್ಲಿಂದ ಅವನಿಗೆ ತಾನು ಹುಟ್ಟಿದ ಮನೆಯ ಒಲೆ ಕಿಟಕಿಯೊಳಗೆ ಉರಿಯುವುದು ಕಾಣುತ್ತಿತ್ತು. ಅವನಿಗೆ ಬೇಕಾಗಿದ್ದು ಆ ಒಲೆಯ ಪಕ್ಕದ ಬೆಂಚು, ಅಷ್ಟೆ. ನನ್ನ ಕೈಯಲ್ಲಿ ಹತ್ತು ಸಲ ಹೇಳಿ ಕಳಿಸಿದ. ಹತ್ತು ಸಲವೂ ನಾನು ಬೈಸಿಕೊಂಡೆ.

ಆಗಿನ ಭಾನುವಾರದ ಕಾನೂನು ಈಗಿನವರಿಗೆ ಹೇಳಿದರೆ ನಗುತ್ತಾರೆ. ದೇವರ ದಿನ ಊರಿನವನಿಗೆ ಒಂದು ಹನಿ ಬಿಯರ್ ಹಾಕುವ ಹಾಗಿಲ್ಲ. ದಾರಿಹೋಕನಿಗೆ ಮಾತ್ರ ಹಾಕಬಹುದು. ಹಿಂದಿನ ರಾತ್ರಿ ಮೂರು ಮೈಲಿ ಆಚೆ ಮಲಗಿದ್ದವನು ದಾರಿಹೋಕ ಎಂದು ನಮ್ಮ ಕಡೆ ಲೆಕ್ಕ. ಪಕ್ಕದ ಕಾರ್ನ್‌ಹೋಪ್ ಸರಿಯಾಗಿ ಅಷ್ಟೇ ದೂರ. ಹೀಗಾಗಿ ಭಾನುವಾರ ನಮ್ಮೂರ ಗಂಡಸರೆಲ್ಲ ಕಾರ್ನ್‌ಹೋಪ್‌ಗೆ ನಡೆಯುವುದು, ಅವರೆಲ್ಲ ಇಲ್ಲಿಗೆ ನಡೆಯುವುದು. ಎರಡೂ ಊರಿಗೆ ಎಣ್ಣೆ ಸೀಗೆಕಾಯಿ. ನಡುದಾರಿಯ ಸೇತುವೆ ಮೇಲೆ ಎದುರಾದಾಗ ಅಮ್ಮ ಅಕ್ಕ ಎಂದು ಬೈದುಕೊಂಡು ಮುಂದೆ ಹೋಗುತ್ತಿದ್ದರು.

ಉಳಿದ ಕಡೆ ಸುಳ್ಳು ನಡೆಯುತ್ತಿತ್ತು, ಗ್ರಿಜೆಲ್ ಹತ್ತಿರ ನಡೆಯದು. ಅವಳು ಮುಖ ನೋಡುತ್ತಿರಲಿಲ್ಲ, ಬೂಟು ನೋಡುತ್ತಿದ್ದಳು. ಕಾರ್ನ್‌ಹೋಪ್ ದಾರಿಯದು ಕೆಮ್ಮಣ್ಣು, ನಮ್ಮೂರಿನದು ಕಪ್ಪು ಕೆಸರು. ಆಮೇಲೆ ಮೂರು ಪ್ರಶ್ನೆ: ನಿನ್ನೆ ಎಲ್ಲಿ ಮಲಗಿದ್ದು, ಎಲ್ಲಿಗೆ ಹೊರಟಿದ್ದು, ಏನು ಬೇಕು. ತಡವರಿಸಿದವನು ಬೀದಿಗೆ.

ಒಂದು ಭಾನುವಾರ ಬಾಗಿಲು ತೆರೆದುಕೊಂಡು ಒಳಗೆ ಬಂದವನು ವಾಟಿ. ಮೊಣಕಾಲವರೆಗೆ ಕೆಮ್ಮಣ್ಣು, ಹೆಗಲಲ್ಲಿ ಚೀಲ. ಶನಿವಾರವೇ ಕಾರ್ನ್‌ಹೋಪ್‌ಗೆ ಹೋಗಿ, ಅಲ್ಲಿ ಬಾಡಿಗೆಯ ಹಾಸಿಗೆಯಲ್ಲಿ ಮಲಗಿ, ಬೆಳಿಗ್ಗೆ ನಡೆದು ಬಂದಿದ್ದ. ಕುಳಿತಿದ್ದ ಕಾರ್ನ್‌ಹೋಪ್‌ನವರೆಲ್ಲ ತಿರುಗಿ ನೋಡಿದರು. ಗ್ರಿಜೆಲ್ ಬೂಟು ನೋಡಿದಳು. ಬಹಳ ಹೊತ್ತು ನೋಡಿದಳು.

"ನಿನ್ನೆ ರಾತ್ರಿ ಎಲ್ಲಿ ಮಲಗಿದ್ರಿ?" ಎಂದಳು. ಎತ್ತಿ ಆಡಿಸಿದ ತಮ್ಮನಿಗೆ ಬಹುವಚನ.

"ಕಾರ್ನ್‌ಹೋಪ್‌ನಲ್ಲಿ."

"ಎಲ್ಲಿಗೆ ಹೊರಟಿದ್ದೀರಿ?"

"ಮನೆಗೆ."

"ಏನ್ ಬೇಕು?"

"ಸಾರು. ಆಮೇಲೆ ಆ ಬೆಂಚು."

ಲೆಕ್ಕದ ಪ್ರಕಾರ ಈಗ ಅವನೂ ದಾರಿಹೋಕ, ಕಳಿಸುವ ಹಾಗಿಲ್ಲ. ಕಳಿಸಿದರೆ ಅಪ್ಪನ ಬಾಗಿಲಿಗೆ ಎರಡನೇ ಸಲ ಅಗುಳಿ ಬಿದ್ದಂತೆ, ಅದೂ ಅವಳ ಕೈಯಿಂದಲೇ. ಕುರಿಮಾಂಸದ ಬಾರ್ಲಿ ಸಾರು, ಓಟ್ಸ್ ರೊಟ್ಟಿ ತಂದು ಅವನ ಮುಂದೆ ಕುಕ್ಕಿದಳು. ಸಾರು ಮೇಜಿನ ಮೇಲೆ ಚೆಲ್ಲಿತು. ವಾಟಿ ಅದನ್ನೂ ರೊಟ್ಟಿಯಲ್ಲಿ ಒರೆಸಿ ತಿಂದ.

ಅಲ್ಲಿಂದ ಮುಂದೆ ಪ್ರತಿ ಭಾನುವಾರವೂ ಅದೇ. ವಾರವಿಡೀ ರಸ್ತೆಯ ಆಚೆ ಈಚೆ ಒಬ್ಬರಿಗೊಬ್ಬರು ಬೆನ್ನು ಹಾಕಿ ಬದುಕುವುದು, ಭಾನುವಾರ ಆ ಮೂರು ಪ್ರಶ್ನೆ, ಆ ಮೂರು ಉತ್ತರ. ಅದು ಬಿಟ್ಟರೆ ಅವರ ನಡುವೆ ಒಂದು ಮಾತಿಲ್ಲ. ಅವನು ಹೋದ ಮೇಲೆ ಗ್ರಿಜೆಲ್ ಆ ಬೆಂಚನ್ನು ಬಿಸಿನೀರು ಹಾಕಿ ಉಜ್ಜುತ್ತಿದ್ದಳು.

ವರ್ಷಗಳು ಹೋದವು. ವಾಟಿಯ ಎದೆಯಲ್ಲಿ ಸಿಳ್ಳೆ ಹತ್ತಿತು, ಕಾಲು ಊದಿತು. ಆ ಚಳಿಗಾಲದ ಒಂದು ಭಾನುವಾರ, ಹೊರಗೆ ಮಳೆ ಕುಟ್ಟುತ್ತಿರುವಾಗ, ಅವನು ತನ್ನ ಮನೆಯಿಂದ ನೇರವಾಗಿ ರಸ್ತೆ ದಾಟಿ ಬಂದ. ಬೂಟಿನ ಮೇಲೆ ನಮ್ಮೂರಿನ ಕಪ್ಪು ಕೆಸರು, ಅದೂ ಅಂಚಿಗೆ ಮಾತ್ರ. ಎಲ್ಲಿ ಮಲಗಿದ್ದು ಎಂದು ಅವಳು ಕೇಳಿದಳು. ಸುಳ್ಳು ಹೇಳಪ್ಪಾ ಎಂದು ನಾನು ಬಾಗಿಲ ಸಂದಿಯಲ್ಲಿ ಬೇಡಿಕೊಂಡೆ.

"ನನ್ನ ಹಾಸಿಗೇಲಿ ಕಣಕ್ಕಾ," ಎಂದ. "ನಡಿಯಕ್ಕೆ ಆಗಲ್ಲ ಇನ್ನು."

"ಊರಿನವರಿಗೆ ಇವತ್ತು ಇಲ್ಲ," ಎಂದಳು, ಕಡ್ಡಿ ತುಂಡು ಮಾಡಿದ ಹಾಗೆ.

ಅವನು ಹೋದ. ಆವತ್ತು ಮೊದಲ ಸಲ ನಾನು ಅವಳಿಗೆ ಎದುರು ಮಾತಾಡಿದೆ. "ನೀವು ಮನುಷ್ಯರಾ ಯಜಮಾನ್ತಿ? ಇಷ್ಟು ವರ್ಷ ಆಯ್ತು, ಬಾ ಅಂತ ಒಂದು ಮಾತು ಅಂದ್ರೆ ನಿಮ್ಮ ಗಂಟೇನು ಹೋಗುತ್ತೆ?" ಅವಳು ಪಾತ್ರೆ ತೊಳೆ ಹೋಗು ಎಂದಳು.

ಮುಂದಿನ ಶನಿವಾರ ಮಧ್ಯಾಹ್ನ ಸಾಮಾನು ಸಾಗಿಸುವ ಪೆಟ್ರಿಯ ಕುದುರೆಗಾಡಿ ವಾಟಿಯ ಮನೆ ಮುಂದೆ ನಿಂತಿತು. ಒಳಗೆ ಹುಲ್ಲು ಹಾಸಿ ಕಂಬಳಿ ಹೊದಿಸಿತ್ತು. ಕಂಬಳಿ ಕರಿಟಗರಿನದು, ನಾನೇ ಒಗೆದದ್ದು. ಕಾರ್ನ್‌ಹೋಪ್‌ನಲ್ಲಿ ಹಾಸಿಗೆ ಹೇಳಿಯಾಗಿದೆ, ನಾಳೆ ಊಟದ ಹೊತ್ತಿಗೆ ವಾಪಸು ತರಬೇಕಂತೆ ಎಂದು ಪೆಟ್ರಿ ಗೊಣಗುತ್ತಿದ್ದ. ಯಾರು ಹೇಳಿದ್ದು ಎಂದು ಕೇಳಿದರೆ ಕಣ್ಣಲ್ಲೇ ನಮ್ಮ ಬಾಗಿಲು ತೋರಿಸಿದ.

ನೋಡಿ ಅವಳ ಬುದ್ಧಿ. ರಸ್ತೆ ದಾಟಿ ಬಾ ಎನ್ನಲಾರಳು. ಆದರೆ ತಮ್ಮನನ್ನು ಮೂರು ಮೈಲಿ ಆಚೆ ಸಾಗಿಸಿ, ವೈರಿ ಊರಿನಲ್ಲಿ ಮಲಗಿಸಿ, ಮತ್ತೆ ಮೂರು ಮೈಲಿ ತರಿಸಿಕೊಳ್ಳಬಲ್ಲಳು. ವಾಟಿಯೂ ಕಮ್ಮಿಯಿಲ್ಲ, ಹೋದ. ಬರುವಾಗ ಊರ ತಿರುವಿಗೆ ಮುಂಚೆ ಗಾಡಿಯಿಂದ ಇಳಿದು, ಪೆಟ್ರಿಯ ಹೆಗಲು ಹಿಡಿದು, ಕೆಮ್ಮಣ್ಣಿನಲ್ಲಿ ನಾಲ್ಕು ಹೆಜ್ಜೆ ತುಳಿದು ಬೂಟು ಕೊಳೆ ಮಾಡಿಕೊಂಡೇ ಬಂದ. ಗ್ರಿಜೆಲ್ ಬೂಟು ನೋಡಿ ಪ್ರಶ್ನೆ ಕೇಳಿದಳು.

ಹೀಗೆ ಚಳಿಗಾಲ ಕಳೆಯುತ್ತ ಬಂತು. ಕುರಿ ಮರಿ ಹಾಕುವ ತಿಂಗಳ ಒಂದು ಭಾನುವಾರ ಗಾಡಿ ತಿರುವಿನಲ್ಲಿ ನಿಲ್ಲದೆ ಬಂತು, ಬಹಳ ನಿಧಾನವಾಗಿ. ಪೆಟ್ರಿ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಕಂಬಳಿ ವಾಟಿಯ ಮುಖದ ಮೇಲೆ ಎಳೆದಿತ್ತು. ಬೆಳಿಗ್ಗೆ ಎಬ್ಬಿಸಲು ಹೋದರೆ ತಣ್ಣಗಾಗಿದ್ದನಂತೆ. ಊರಲ್ಲಿ ತನ್ನದೇ ಮನೆ, ಅದರೆದುರಿಗೆ ಅಪ್ಪನ ಮನೆ ಇಟ್ಟುಕೊಂಡು, ಆ ಮನುಷ್ಯ ಕಾರ್ನ್‌ಹೋಪ್‌ನ ಬಾಡಿಗೆ ಹಾಸಿಗೆಯಲ್ಲಿ, ಒಂದು ತೊಟ್ಟು ನೀರು ಬಿಡುವವರಿಲ್ಲದೆ ಸತ್ತ. ಇದನ್ನು ನಾನು ಅವಳಿಗೆ ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ಪೆಟ್ರಿ ವಾಟಿಯ ಮನೆಯ ಬೀಗದ ಕೈ ಯಾರ ಹತ್ತಿರ ಇದೆ ಎಂದು ಕೇಳುತ್ತಿದ್ದ. ಗ್ರಿಜೆಲ್ ಹೊಸ್ತಿಲಿಗೆ ಬಂದು ನಿಂತಳು.

"ನಿನ್ನೆ ರಾತ್ರಿ ಎಲ್ಲಿ ಮಲಗಿದ್ರು?"

ಪೆಟ್ರಿ ಅವಳಿಗೆ ತಲೆ ಕೆಟ್ಟಿತೆಂದು ನನ್ನ ಮುಖ ನೋಡಿದ. ಅವಳು ಮತ್ತೆ ಕೇಳಿದಳು. "ಕಾರ್ನ್‌ಹೋಪ್‌ನಲ್ಲೇ," ಎಂದ.

"ಹಾಗಾದ್ರೆ ದಾರಿಹೋಕರು. ಒಳಗೆ ತನ್ನಿ."

ಕುಡಿಯುತ್ತ ಕೂತಿದ್ದ ಕಾರ್ನ್‌ಹೋಪ್ ಗಂಡಸರೇ ಎದ್ದು ಹೆಗಲು ಕೊಟ್ಟರು. ಮಹಡಿಗೆ, ಅಪ್ಪನ ಕೋಣೆಗೆ ಎಂದಳು. ನಾನು ಹಿಂದೆ ದೀಪ ಹಿಡಿದು ಹೋದೆ. ಅವನ ಬೂಟು ಒಂದು ಚುಕ್ಕೆ ಮಣ್ಣಿಲ್ಲದೆ ಚೊಕ್ಕಟವಾಗಿತ್ತು. ಅವಳು ಅದನ್ನು ಬಿಚ್ಚಿ ಮಂಚದ ಕೆಳಗೆ ಇಟ್ಟಳು. ಆವತ್ತೊಂದು ದಿನ ಅದರ ಕಡೆ ನೋಡಲಿಲ್ಲ.